ಕ್ರೋಮ್ ಆಟೋಫಿಲ್: ತೀರ್ಥಹಳ್ಳಿಯಿಂದ ವರ್ಷಗಟ್ಟಲೆ ಬಳಸಿದ ಮೇಲೆ

ಒಮ್ಮೆ ಉಳಿಸಿಟ್ಟ ಹೆಸರು, ವಿಳಾಸವನ್ನು ಫಾರ್ಮ್‌ಗಳಲ್ಲಿ ತಾನೇ ತುಂಬಿಕೊಡುವ ಕ್ರೋಮ್ ಬ್ರೌಸರಿನ ಆಟೋಫಿಲ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಆ ಒಂದು ಸ್ಟಾರ್‌ನಲ್ಲಿ ಕ್ರೋಮ್ ತಪ್ಪಿಗಿಂತ ಫಾರ್ಮ್ ಮಾಡುವವರ ತಪ್ಪೇ ಜಾಸ್ತಿ. ನಾನು ಇಲ್ಲಿನ ಹೋಂಸ್ಟೇಗಳಿಗೆ, ಅಡಿಕೆ ಸಸಿ ಮಾರುವವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಹಾಗಾಗಿ ಫಾರ್ಮ್ ತುಂಬುವ ಕಷ್ಟವೂ ಗೊತ್ತು, ಅದನ್ನು ಕಟ್ಟುವ ಕೆಲಸವೂ ಗೊತ್ತು.

ಇದರ ಬೆಲೆ ತಿಳಿಯುವುದು ಮಳೆಗಾಲದಲ್ಲಿ. ಕರೆಂಟ್ ಹೋಗುತ್ತದೆ, ಟವರ್ ಹೋಗುತ್ತದೆ, ಅರ್ಧ ತುಂಬಿದ ಫಾರ್ಮ್ ಕೂಡ ಹೋಗುತ್ತದೆ. ಮತ್ತೆ ಪೇಜ್ ತೆರೆದು ಹೆಸರಿನ ಬಾಕ್ಸ್ ಒತ್ತಿದರೆ ಹೆಸರು, ವಿಳಾಸ, ಫೋನ್, ಇಮೇಲ್ ಎಲ್ಲ ಒಂದೇ ಸಲಕ್ಕೆ ಬಂದು ಕೂರುತ್ತವೆ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಇದು ಎಷ್ಟು ದೊಡ್ಡ ಸಹಾಯ ಎಂದು ಊರಿನ ಹಿರಿಯರ ಜೊತೆ ಕೂತು ಫಾರ್ಮ್ ತುಂಬಿಸಿದವರಿಗೆ ಗೊತ್ತು. ವೆಬ್‌ಸೈಟ್‌ಗಳನ್ನು ಅಂಗವಿಕಲರೂ ಸೇರಿ ಎಲ್ಲರೂ ಬಳಸುವಂತಿರಬೇಕು ಎಂದು ಮಾಡಿರುವ, 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ನಿಯಮಗಳೂ ಇದನ್ನೇ ಕೇಳುತ್ತವೆ: ಬಳಸುವವರ ಸ್ವಂತ ವಿವರ ಕೇಳುವ ಬಾಕ್ಸ್ ಯಾವುದಕ್ಕೆ ಎಂದು ಬ್ರೌಸರ್‌ಗೆ ತಿಳಿಯುವಂತಿರಬೇಕು.

ಅದನ್ನು ತಿಳಿಸಲು ವೆಬ್‌ಪೇಜ್ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಆಟೋಕಂಪ್ಲೀಟ್ ಎಂಬ ಆಟ್ರಿಬ್ಯೂಟ್, ಅಂದರೆ ಬಾಕ್ಸಿಗೆ ಹಚ್ಚುವ ಗುರುತು, ಇದೆ. ಪಿನ್‌ಕೋಡ್‌ಗೆ ‘ಪೋಸ್ಟಲ್-ಕೋಡ್’, ಫೋನಿಗೆ ‘ಟೆಲ್’, ಒಟಿಪಿಗೆ ‘ಒನ್-ಟೈಮ್-ಕೋಡ್’. ಬಾಕ್ಸಿಗೊಂದು ಪದ, ಅಷ್ಟೇ ಕೆಲಸ. ಅದನ್ನೂ ಬರೆಯದೆ ಬಿಟ್ಟರೆ ಕ್ರೋಮ್ ಬಾಕ್ಸಿನ ಹೆಸರು, ಲೇಬಲ್ ನೋಡಿ ಊಹೆ ಮಾಡುತ್ತದೆ. ‘ಫೀಲ್ಡ್7’ ಅಂತ ಹೆಸರಿಟ್ಟಿದ್ದರೆ ಅದಾದರೂ ಏನು ಊಹಿಸೀತು?

ನಮ್ಮ ಕಡೆ ನಿಜವಾದ ತೊಂದರೆ ಇರುವುದು ವಿಳಾಸದಲ್ಲಿ. ಡೋರ್ ನಂಬರ್, ಕ್ರಾಸ್, ಮೇನ್ ಅನ್ನುವುದೆಲ್ಲ ಬೆಂಗಳೂರಿಗೆ ಸರಿ. ಮಲೆನಾಡಿನ ಒಂಟಿ ಮನೆಗೆ ಮನೆ ಹೆಸರು, ಊರು, ಅಂಚೆ, ಹೋಬಳಿ, ತಾಲ್ಲೂಕು ಬೇಕು. ಇದನ್ನು ಐದಾರು ಸಣ್ಣ ಬಾಕ್ಸ್‌ಗಳಲ್ಲಿ ಕೇಳುವ ಫಾರ್ಮ್‌ನಲ್ಲಿ ಆಟೋಫಿಲ್ ಒತ್ತಿದರೆ ಅಂಚೆಯ ಹೆಸರು ಲ್ಯಾಂಡ್‌ಮಾರ್ಕ್‌ನಲ್ಲಿ ಹೋಗಿ ಕೂರುತ್ತದೆ, ಪಾರ್ಸೆಲ್ ತರುವ ಹುಡುಗ ಫೋನ್ ಮಾಡಿ ‘ಎಲ್ಲಿ ಸಾರ್ ಮನೆ’ ಎಂದು ಕೇಳುತ್ತಾನೆ. ನಾನು ಮಾಡುವ ಫಾರ್ಮ್‌ಗಳಲ್ಲಿ ಒಂದೇ ದೊಡ್ಡ ಬಾಕ್ಸ್ ಇಟ್ಟು ‘ಸ್ಟ್ರೀಟ್-ಅಡ್ರೆಸ್’ ಎಂದು ಬರೆಯುತ್ತೇನೆ, ಪಿನ್‌ಕೋಡ್ ಮಾತ್ರ ಬೇರೆ. ಇಲ್ಲಿಯವರೆಗೆ ಇದಕ್ಕಿಂತ ಚೆನ್ನಾಗಿ ನಡೆದದ್ದು ಬೇರೆ ಇಲ್ಲ.

ಜಿಲ್ಲೆಯ ಪಟ್ಟಿ ಇನ್ನೊಂದು ಗೋಳು. ಊರಿನ ಹೆಸರು ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ಕ್ಕೆ. ಇಂದಿಗೂ ಎಷ್ಟೋ ಪಟ್ಟಿಗಳಲ್ಲಿ ಹಳೇ ಇಂಗ್ಲಿಷ್ ಸ್ಪೆಲ್ಲಿಂಗೇ (Shimoga) ಇದೆ. ಸೇವ್ ಆಗಿರುವುದು ಒಂದು, ಪಟ್ಟಿಯಲ್ಲಿರುವುದು ಇನ್ನೊಂದು, ಹೊಂದಿಕೆಯಾಗದೆ ಬಾಕ್ಸ್ ಖಾಲಿ ಉಳಿಯುತ್ತದೆ. ಫೋನ್ ನಂಬರಿನ ಕಥೆಯೂ ಹೀಗೇ. +91 ಸೇರಿಸಿ ತುಂಬಿದರೆ ತಪ್ಪು ನಂಬರ್ ಎಂದು ಕೆಂಪು ಅಕ್ಷರ ಬರುತ್ತದೆ. ಆ +91 ಅನ್ನು ಸೈಟ್ ಮಾಡಿದವರು ತಮ್ಮ ಕೋಡಿನಲ್ಲೇ ತೆಗೆದುಹಾಕಬಹುದಲ್ವಾ? ಬಳಸುವವರನ್ನು ಯಾಕೆ ಸತಾಯಿಸಬೇಕು?

ಬಾಕ್ಸಿನ ಒಳಗೇ ಮಸುಕಾಗಿ ಹೆಸರು ಬರೆದು, ಮೇಲೆ ಲೇಬಲ್ ಇಡದವರಿಗೂ ಒಂದು ಮಾತು. ಆಟೋಫಿಲ್ ಆದ ಕೂಡಲೇ ಆ ಮಸುಕು ಅಕ್ಷರ ಮಾಯ. ಯಾವುದು ಬಿಲ್ಲಿಂಗ್ ವಿಳಾಸ, ಯಾವುದು ಡೆಲಿವರಿ ವಿಳಾಸ ಎಂದು ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಭಯ ಬೇಡ, ಎಚ್ಚರ ಬೇಕು. ಕಣ್ಣಿಗೆ ಕಾಣದ ಬಾಕ್ಸ್‌ಗಳನ್ನು ಫಾರ್ಮ್‌ನಲ್ಲಿ ಅಡಗಿಸಿಟ್ಟು, ಹೆಸರು ತುಂಬುವಾಗ ವಿಳಾಸವನ್ನೂ ಕದಿಯಬಹುದು ಎಂದು 2017ರಲ್ಲಿ ಫಿನ್ಲೆಂಡಿನ ಡೆವಲಪರ್ ಒಬ್ಬರು ತೋರಿಸಿಕೊಟ್ಟಿದ್ದರು. ಗುರುತಿಲ್ಲದ ಸೈಟ್‌ನಲ್ಲಿ ಕೈಯಲ್ಲೇ ಟೈಪ್ ಮಾಡಿ. ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟವರು ದಯವಿಟ್ಟು ಪ್ರತಿ ಗಿರಾಕಿಗೂ ಗೆಸ್ಟ್ ವಿಂಡೋ, ಅಂದರೆ ಮುಚ್ಚಿದ ಮೇಲೆ ತುಂಬಿದ ವಿವರ ಉಳಿಸಿಕೊಳ್ಳದ ಕ್ರೋಮ್ ಕಿಟಕಿ, ತೆರೆಯಿರಿ. ಮುಂದೆ ಬಂದವರಿಗೆ ಹಿಂದಿನವರ ಫೋನ್ ನಂಬರ್ ಕಾಣುವುದನ್ನು ನಾನೇ ನೋಡಿದ್ದೇನೆ, ಅದರಲ್ಲಿ ಹೆಣ್ಣುಮಕ್ಕಳ ನಂಬರೂ ಇರುತ್ತದೆ.