ಡ್ರಾಯರ್, ಜೇಬಿನ ಪರದೆ, ಮಸಾಲೆ ಡಬ್ಬಿ, ಹುಳದ ತಟ್ಟೆ: ಮಕ್ಕಳ ಕ್ರಾಫ್ಟ್ ಸಾಮಾನಿಗೆ ಯಾವುದು ಸರಿ?

ಮಕ್ಕಳ ಕ್ರಾಫ್ಟ್ ಸಾಮಾನು ಇಡಲು ಏನು ಕೊಳ್ಳುವಾಗಲೂ ನಾನು ಒಂದೇ ವಿಷಯ ನೋಡುತ್ತೇನೆ: ಮಗು ತಾನೇ ವಾಪಸ್ ಇಡುತ್ತದಾ? ಬೇಕಾದಾಗ ಹೇಗಾದರೂ ಹುಡುಕಿ ತೆಗೆದುಕೊಳ್ಳುತ್ತದೆ, ಆ ಚಿಂತೆ ಬೇಡ. ಆಟ ಮುಗಿದು, ಹೊಟ್ಟೆ ಹಸಿದು, ಊಟಕ್ಕೆ ಕರೆದಾಗ ಎತ್ತಿಡಬೇಕಲ್ಲ, ಕಷ್ಟ ಇರುವುದು ಆಗ.

ಚಿಕ್ಕಬಳ್ಳಾಪುರದಲ್ಲಿ ನಮ್ಮದು ಎರಡು ರೂಮಿನ ಮನೆ. ಮಗಳು ಮೂರನೇ ಕ್ಲಾಸು, ಮಗನಿಗೆ ಎರಡು ವರ್ಷ. ಕ್ರೇಯಾನ್, ಸ್ಕೆಚ್ ಪೆನ್, ಗಮ್, ಮಣಿ, ಗುಂಡಿ, ಐಸ್‌ಕ್ರೀಂ ಕಡ್ಡಿ, ಬಣ್ಣದ ಹಾಳೆ ಎಲ್ಲರ ಮನೆಯಲ್ಲೂ ಇರುವುದೇ. ನಮ್ಮಲ್ಲಿ ಇನ್ನೊಂದು ಜಾಸ್ತಿ: ರೇಷ್ಮೆ ಗೂಡು. ಶಿಡ್ಲಘಟ್ಟದ ಕಡೆ ಅತ್ತೆಯವರ ಮನೆಯಲ್ಲಿ ಹುಳ ಮೇಯಿಸುತ್ತಾರೆ. ಮಾರ್ಕೆಟ್ಟಿಗೆ ಹಾಕುವ ಮೊದಲು ಆರಿಸಿ ತೆಗೆದ ಗೂಡು, ಅಂದರೆ ಎರಡು ಹುಳ ಸೇರಿ ಕಟ್ಟಿದ್ದು, ಕಲೆ ಬಿದ್ದದ್ದು, ಇವನ್ನು ಅತ್ತೆ ಕತ್ತರಿಸಿ, ಒಳಗಿರುವುದನ್ನು ತೆಗೆದು, ಬಿಸಿಲಿಗೆ ಒಣಗಿಸಿ ಮೊಮ್ಮಗಳಿಗೆ ಕಳಿಸುತ್ತಾರೆ. ಅವಳು ಅದಕ್ಕೆ ಬಣ್ಣ ಹಚ್ಚಿ ಹೂವು ಮಾಡುತ್ತಾಳೆ. ತುಂಬಾ ಚೆನ್ನಾಗಿ ಮಾಡುತ್ತಾಳೆ.

ಮೊದಲು ತಂದದ್ದು ಪ್ಲಾಸ್ಟಿಕ್ಕಿನ ಮೂರು ಡ್ರಾಯರ್. ನೋಡಲು ಅಂದ, ಧೂಳು ಹೋಗುವುದಿಲ್ಲ, ಎ4 ಹಾಳೆ ಮಡಚದೆ ಮಲಗುತ್ತದೆ. ಕೊಳ್ಳುವ ಮುಂಚೆ ಈ ಒಂದನ್ನು ಅಳೆದು ನೋಡಿ: ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಉದ್ದ. ಸಣ್ಣ ಸೈಜಿನ ಡ್ರಾಯರಿನಲ್ಲಿ ಅದರ ಮೂಲೆ ಮಡಚಿಕೊಳ್ಳುತ್ತದೆ. ಹಾಳೆಗೆ, ಸ್ಟಾಕಿಗೆ ಇದು ಒಳ್ಳೆಯದು. ದಿನಾ ಬಳಸುವ ಸಾಮಾನಿಗೆ ಅಲ್ಲ. ಮಗಳು ಎಲ್ಲವನ್ನೂ ಮೇಲಿನ ಡ್ರಾಯರಿಗೇ ತುರುಕುತ್ತಾಳೆ, ಅದು ಸಿಕ್ಕಿಕೊಂಡು ತೆರೆಯುವುದೇ ಇಲ್ಲ. ಒಳಗೆ ಏನಿದೆ ಅಂತ ಕಾಣದ್ದರಿಂದ ಇರುವ ಕತ್ತರಿ ಬಿಟ್ಟು ಹೊಸ ಕತ್ತರಿ ಕೇಳುತ್ತಾಳೆ. ಗೂಡಿಗಂತೂ ಆಗಲೇ ಇಲ್ಲ. ಸರಿಯಾಗಿ ಒಣಗದ ಗೂಡು ನಾಲ್ಕೈದು ಸೇರಿಕೊಂಡರೂ ಸಾಕು, ಮುಚ್ಚಿದ ಡ್ರಾಯರ್ ವಾಸನೆ ಹಿಡಿಯುತ್ತದೆ.

ಬಾಗಿಲ ಹಿಂದೆ ನೇತು ಹಾಕುವ ಜೇಬಿನ ಪರದೆ ಇದಕ್ಕಿಂತ ಅಗ್ಗ, ಜಾಗವೂ ಬೇಡ. ಪಾರದರ್ಶಕ ಜೇಬಿನದ್ದನ್ನೇ ತಗೊಳ್ಳಿ, ಬಟ್ಟೆಯದ್ದು ಬೇಡ. ಸ್ಕೆಚ್ ಪೆನ್ನಿಗೆ ಇದರಷ್ಟು ಅನುಕೂಲ ಯಾವುದೂ ಇಲ್ಲ. ಮುಚ್ಚಳ ಕೆಳಗೆ ಮಾಡಿ ಇಟ್ಟರೆ ಇಂಕು ತುದಿಯಲ್ಲೇ ನಿಲ್ಲುತ್ತದೆ, ಪೆನ್ನು ಬೇಗ ಒಣಗಿದ ಹಾಗೆ ಆಗುವುದಿಲ್ಲ. ಆದರೆ ಗಮ್ ಬಾಟಲಿಯ ಭಾರಕ್ಕೆ ಹೊಲಿಗೆ ಬಿಡುತ್ತದೆ. ಬಾಗಿಲಿಗೆ ಬಿಸಿಲು ಬೀಳುತ್ತಿದ್ದರೆ ಕ್ರೇಯಾನ್ ಅಲ್ಲಿಡಬೇಡಿ, ಅದು ಮೇಣ. ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ಮೇಲಿನ ಎರಡು ಸಾಲು ಮಗುವಿಗೆ ಎಟುಕುವುದಿಲ್ಲ ಅನ್ನುವುದು ಕೊರತೆ ಅಂದುಕೊಂಡಿದ್ದೆ. ಈಗ ಕತ್ತರಿ ಅಲ್ಲೇ ಇರುತ್ತದೆ.

ಶೂ ಡಬ್ಬಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖರ್ಚಿಲ್ಲ, ಮಕ್ಕಳೇ ಬಣ್ಣ ಹಚ್ಚಬಹುದು. ಆದರೆ ರಟ್ಟು ಮತ್ತು ಅಂಟು ಇರುವ ಕಡೆ ಜಿರಳೆ ಬರುತ್ತದೆ.

ಮಸಾಲೆ ಡಬ್ಬಿ ನನಗೆ ತುಂಬಾ ಹಿಡಿಸಿತು. ಸ್ಟೀಲಿನದು, ಒಳಗೆ ಏಳು ಬಟ್ಟಲು. ಮಣಿ, ಗುಂಡಿ, ಮಿಂಚು, ಅಂಟಿಸುವ ಕಣ್ಣು, ಒಂದೊಂದಕ್ಕೂ ಒಂದೊಂದು ಬಟ್ಟಲು. ಯಾವುದು ಎಲ್ಲಿಗೆ ಅಂತ ಮಗುವಿಗೆ ಹೇಳಿಕೊಡಬೇಕಿಲ್ಲ, ಬಟ್ಟಲಲ್ಲಿ ನಾಲ್ಕು ಮಣಿ ಉಳಿದಿದ್ದರೆ ಮಿಕ್ಕ ಮಣಿಯೂ ಅಲ್ಲಿಗೇ ಹೋಗುತ್ತದೆ. ಬಿಗಿ ಮುಚ್ಚಳದ್ದೇ ಬೇಕು. ನಮ್ಮ ಹಾಗೆ ಚಿಕ್ಕ ಮಗು ಇರುವ ಮನೆಯಲ್ಲಿ ಇದನ್ನು ಮೇಲೆಯೇ ಇಡಬೇಕು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಸಣ್ಣ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಹಿಡಿಯುವುದೆಲ್ಲ ಗಂಟಲಿಗೆ ಸಿಕ್ಕುವ ಅಪಾಯದ ವಸ್ತು ಅಂತ ಲೆಕ್ಕ. ನಮ್ಮ ಮಣಿ, ಗುಂಡಿ ಎಲ್ಲವೂ ಅದರೊಳಗೆ ಸುಲಭವಾಗಿ ಹಿಡಿಯುತ್ತವೆ. ಈ ವಿಷಯದಲ್ಲಿ ಮಗಳು ಎಷ್ಟೇ ಗೋಗರೆದರೂ ನಾನು ಬಗ್ಗುವುದಿಲ್ಲ, ಡಬ್ಬಿ ಇಳಿಸುವುದು ತಮ್ಮ ಮಲಗಿದ ಮೇಲೆಯೇ.

ಕೊನೆಯದು ಅತ್ತೆ ಹೇಳಿದ್ದು. "ಯಾಕಮ್ಮ ಸುಮ್ನೆ ದುಡ್ಡು ಸುರೀತೀಯ, ಅಟ್ಟದ ಮೇಲೆ ತಟ್ಟೆಗಳು ಹಾಗೇ ಬಿದ್ದಿವೆಯಲ್ಲ" ಅಂದರು. ಹುಳ ಮೇಯಿಸುವ ದುಂಡನೆಯ ಬಿದಿರು ತಟ್ಟೆ, ಸುಮಾರು 3 ಅಡಿ ಅಗಲ, ಸುತ್ತಲೂ ಗಿಡ್ಡ ಅಂಚು. ಈಗ ಅನೇಕರು ಹಿಪ್ಪುನೇರಳೆ ಕಡ್ಡಿಯನ್ನೇ ಅಟ್ಟಣೆ ಮೇಲೆ ಹಾಸಿ ಮೇಯಿಸುವುದರಿಂದ ಹಳೆ ತಟ್ಟೆಗಳು ಮೂಲೆ ಸೇರಿವೆ.

ಇಡುವ ಕೆಲಸವನ್ನೇ ಇದು ಮುಕ್ಕಾಲು ಪಾಲು ಕಡಿಮೆ ಮಾಡಿತು. ಮಗಳು ತಟ್ಟೆಯೊಳಗೇ ಕತ್ತರಿಸುತ್ತಾಳೆ, ಅಂಟಿಸುತ್ತಾಳೆ. ಚೂರು ನೆಲಕ್ಕೆ ಬೀಳುವುದಿಲ್ಲ, ಮಣಿ ಅಂಚಿಗೆ ತಾಗಿ ನಿಲ್ಲುತ್ತದೆ. ಊಟದ ಹೊತ್ತಿಗೆ ಹೂವು ಅರ್ಧ ಆಗಿದ್ದರೂ ಕೆಡಿಸಬೇಕಿಲ್ಲ. ತಟ್ಟೆ ಎತ್ತಿ ಬೀರುವಿನ ಮೇಲಿಟ್ಟರೆ ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಮಾಡುತ್ತಿರುವುದನ್ನು ಅರ್ಧಕ್ಕೆ ಕಿತ್ತುಹಾಕಿಸುವುದು ಮಗುವಿಗೆ ನಿಜವಾಗಲೂ ನೋವು, ಅಲ್ವಾ? ಹೆಣಿಗೆಯ ಸಂದಿಯಲ್ಲಿ ಗಾಳಿ ಆಡುವುದರಿಂದ ಗೂಡಿಗೂ ವಾಸನೆ ಬರಲಿಲ್ಲ.

ಆದರೆ ಹಳೆ ತಟ್ಟೆಯನ್ನು ಹಾಗೇ ಮಕ್ಕಳ ಮುಂದೆ ಇಡಬೇಡಿ. ಹುಳದ ಮನೆಯ ಸಾಮಾನಿಗೆ ರೋಗ ಬಾರದಂತೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆದಿರುತ್ತಾರೆ. ಉಜ್ಜಿ ತೊಳೆದು, ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಸಿಬರು ಎದ್ದ ಕಡೆ ಮರಳು ಕಾಗದದಲ್ಲಿ ತಿಕ್ಕಿ. ಒಳಗೆ ಹಳೆ ಕಾಟನ್ ಬಟ್ಟೆ ಹಾಸಿ.

ಈಗ ನಮ್ಮಲ್ಲಿ ಕೆಲಸಕ್ಕೆ ತಟ್ಟೆ, ಸಣ್ಣ ಸಾಮಾನಿಗೆ ಮಸಾಲೆ ಡಬ್ಬಿ. ಪೆನ್ನು, ಕತ್ತರಿ ಜೇಬಿನ ಪರದೆಯಲ್ಲಿವೆ. ಡ್ರಾಯರಿನಲ್ಲಿ ಹಾಳೆ ಮಾತ್ರ. ಒಂದೇ ಕೊಳ್ಳುವ ಹಾಗಿದ್ದರೆ ಮಸಾಲೆ ಡಬ್ಬಿ ಕೊಳ್ಳಿ. ತಟ್ಟೆ ಸಿಗದವರು ಮೊರ ತರಬೇಡಿ, ಅದಕ್ಕೆ ಒಂದು ಕಡೆ ಅಂಚಿಲ್ಲ, ಮಣಿ ಉರುಳಿ ಹೋಗುತ್ತದೆ. ಮದುವೆಯಲ್ಲಿ ಬಂದ ದೊಡ್ಡ ಹರಿವಾಣ ಇದ್ದರೆ ಅದೇ ಸಾಕು.