ಏಳು ಸ್ವರಕ್ಕೆ ಎಷ್ಟು ಮೈಕ್?

ಉಡುಪಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. 10 ಅಡಿಗೆ 14 ಅಡಿ, ಮೇಲೆ ಶೀಟಿನ ಮಾಡು. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಏಳು ಹೆಂಗಸರ ಭಜನಾ ತಂಡವೊಂದು ಬಂತು. ವಾದಿರಾಜರ ಒಂದು ಪದ ಹಾಡಬೇಕಿತ್ತು. ಒಬ್ಬರು ಮುಂದೆ ಹೇಳುವುದು, ಆರು ಜನ ಹಿಂದಿನಿಂದ ಹೇಳುವುದು. ಅದೇ ಪದವನ್ನು ಮೂರು ರೀತಿ ರೆಕಾರ್ಡ್ ಮಾಡಿದೆ. ಬೇಕೂಂತ ಮಾಡಿದ ಪ್ರಯೋಗ ಅಲ್ಲ. ಮೊದಲೆರಡು ಕೈಕೊಟ್ಟ ಮೇಲೆ ಮೂರನೆಯದಕ್ಕೆ ಹೋದದ್ದು.

ಮೊದಲು ನಾಲ್ಕು ಮೈಕ್ ಇಟ್ಟೆ. ಮುಂದಿನವರಿಗೆ ಒಂದು, ಉಳಿದವರಲ್ಲಿ ಇಬ್ಬರಿಗೊಂದು. ಆಮೇಲೆ ಯಾರ ಸ್ವರ ಬೇಕಾದರೂ ಏರಿಸಬಹುದು, ಇಳಿಸಬಹುದು ಅಂತ ನನ್ನ ಲೆಕ್ಕ. ಒಂದೊಂದನ್ನೇ ಕೇಳಿದರೆ ಚೆನ್ನಾಗಿತ್ತು. ನಾಲ್ಕನ್ನೂ ಸೇರಿಸಿದ ಕೂಡಲೇ ಡಬ್ಬದೊಳಗಿಂದ ಹಾಡಿದ ಹಾಗಾಯಿತು. ಒಬ್ಬರ ಸ್ವರ ಅವರ ಮೈಕಿಗೂ ಬೀಳುತ್ತದೆ, ಪಕ್ಕದ ಮೈಕಿಗೂ ಸ್ವಲ್ಪ ತಡವಾಗಿ ಬೀಳುತ್ತದೆ. ಒಂದು ಮೀಟರ್ ದಾಟಲು ಶಬ್ದಕ್ಕೆ ಸುಮಾರು 3 ಮಿಲಿಸೆಕೆಂಡು ಬೇಕು. ಎರಡೂ ಸೇರಿದಾಗ ಕೆಲವು ಫ್ರೀಕ್ವೆನ್ಸಿಗಳಲ್ಲಿ ಅವು ಒಂದನ್ನೊಂದು ತಿಂದುಹಾಕುತ್ತವೆ. ಬಾಯಿಗೂ ಮೈಕಿಗೂ ಒಂದಡಿ ಇದ್ದರೆ ಮೈಕಿಂದ ಮೈಕಿಗೆ ಮೂರಡಿ ಇರಬೇಕು ಅನ್ನುವ ನಿಯಮ ನನಗೂ ಗೊತ್ತು. ಆದರೆ ಇಬ್ಬರಿಗೆ ಒಂದೇ ಮೈಕ್ ಅಂದರೆ ಅದನ್ನು ಎರಡಡಿ ದೂರ ಇಡಬೇಕಾಗುತ್ತದೆ. ಆಗ ಮೈಕುಗಳ ಮಧ್ಯೆ ಆರಡಿ ಬೇಕು. ನನ್ನ ಕೋಣೆಯಲ್ಲಿ ಎಲ್ಲಿಂದ ತರುವುದು?

ಸರಿ, ಒಬ್ಬೊಬ್ಬರನ್ನೇ ಹಾಡಿಸೋಣ ಅಂದೆ. ತಂಡದ ಹಿರಿಯರಿಗೆ ಹೆಡ್‌ಫೋನ್ ಹಾಕಿದೆ. ಎರಡು ಸಾಲು ಹೇಳಿ ನಿಲ್ಲಿಸಿದರು. "ಇದೆಂತ ಮಾರಾಯ, ಕಿವಿ ಮುಚ್ಚಿಕೊಂಡು ಹಾಡೋದು? ಪಕ್ಕದವಳ ಸ್ವರ ಕೇಳದೆ ಹೇಳ್ಲಿಕ್ಕೆ ಆಗ್ತದಾ?" ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದ ಮೇಲೆ ಶ್ರುತಿ ಸರಿಹೋಯಿತು. ತಪ್ಪಿದ ಸಾಲನ್ನಷ್ಟೇ ಮತ್ತೆ ಹೇಳಿಸಬಹುದು, ಆ ಮಟ್ಟಿಗೆ ಅನುಕೂಲ. ಆದರೆ ಕೊನೆಯ ಚರಣದಲ್ಲಿ ಬರುವ ವಾದಿರಾಜರ ಅಂಕಿತ "ಹಯವದನ" ಕೇಳಬೇಕಿತ್ತು. ಒಬ್ಬರು "ನ" ಅಂತ ಕಡಿದಿದ್ದರು, ಒಬ್ಬರು "ನಾ" ಅಂತ ಎಳೆದಿದ್ದರು, ಇನ್ನೊಬ್ಬರು ನಡುವೆ ಉಸಿರು ತೆಗೆದಿದ್ದರು. ಒಟ್ಟಿಗೆ ನಿಂತಾಗ ಮುಂದಿನವರ ಮುಖ ನೋಡಿ ಎಲ್ಲರೂ ಒಂದೇ ಕಡೆ ನಿಲ್ಲಿಸುತ್ತಿದ್ದರು! ಮೂರು ಜನ ಮುಗಿಯುವಾಗಲೇ ಸಂಜೆ. ಬಿಟ್ಟುಬಿಟ್ಟೆ.

ಮುಂದಿನ ಭಾನುವಾರ ಎರಡೇ ಮೈಕ್. ಎರಡೂ ಕಾರ್ಡಿಯಾಯ್ಡ್ ಕಂಡೆನ್ಸರ್, ಅಂದರೆ ಮುಂದಿನ ಶಬ್ದ ಚೆನ್ನಾಗಿ ಹಿಡಿದು ಹಿಂದಿನದನ್ನು ಬಿಡುವ ಸೂಕ್ಷ್ಮ ಮೈಕ್. ಒಂದೇ ಸ್ಟ್ಯಾಂಡ್. ಮೈಕ್ ತಲೆಗಳ ನಡುವೆ 17 ಸೆಂಟಿಮೀಟರ್, ಕೋನ 110 ಡಿಗ್ರಿ. ಫ್ರಾನ್ಸಿನ ಹಿಂದಿನ ರೇಡಿಯೋ-ಟಿವಿ ಸಂಸ್ಥೆಯವರ ಈ ಪದ್ಧತಿಗೆ ಸಂಸ್ಥೆಯ ಹಾಗೆ ಓಆರ್‌ಟಿಎಫ್ ಅಂತಲೇ ಹೆಸರು. ಮೈಕನ್ನು ಏಳಡಿ ಎತ್ತರಕ್ಕೇರಿಸಿ ಸ್ವಲ್ಪ ಕೆಳಮುಖ ಮಾಡಿದೆ. ಏಳೂ ಜನ ಐದಡಿ ದೂರದಲ್ಲಿ ಅರ್ಧಚಂದ್ರದ ಹಾಗೆ ನಿಂತರು. ಶ್ರುತಿಪೆಟ್ಟಿಗೆ ಮೈಕಿನ ಬೆನ್ನ ಹಿಂದೆ.

ಮಿಕ್ಸಿಂಗ್ ಎಲ್ಲ ಕಾಲಲ್ಲೇ ಆಯಿತು. ದೊಡ್ಡ ಸ್ವರದವರನ್ನು ಒಂದು ಹೆಜ್ಜೆ ಹಿಂದೆ ಕಳಿಸಿದೆ, ಮುಂದೆ ಹೇಳುವವರನ್ನು ಅರ್ಧ ಹೆಜ್ಜೆ ಮುಂದೆ ತಂದೆ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಈ ಮೈಕುಗಳಿಗೆ ಎಲ್ಲವೂ ಕೇಳುತ್ತದೆ, ಅದೇ ಕಷ್ಟ. ತೊಡೆ ಮೇಲೆ ತಾಳ ಹಾಕುವಾಗ ಗಾಜಿನ ಬಳೆ ಕಿಣಿಕಿಣಿ. ಬಳೆ ತೆಗೆಯಿರಿ ಅನ್ನೋದು ಹೇಗೆ ಅಲ್ವಾ? ಅವರೇ ಕೈಗೆ ಬೈರಾಸು (ಟವೆಲು) ಸುತ್ತಿಕೊಂಡರು. ಮಳೆಗೆ ಬೈರಾಸು ಸುತ್ತಲು ಆಗುವುದಿಲ್ಲ. ಮಾಡಿನ ಮೇಲೆ ಹನಿ ನಿಲ್ಲುವವರೆಗೆ ಚಹಾ ಕುಡಿಯುತ್ತಾ ಸುಮ್ನೆ ಕೂತೆವು. ಒಬ್ಬರು ತಪ್ಪಿದರೂ ಏಳು ಜನ ಮತ್ತೆ ಹೇಳಬೇಕು. ಮೂರನೇ ಟೇಕ್ ಸರಿಬಂತು, ಎಲ್ಲ ಸೇರಿ 40 ನಿಮಿಷ. ಇನ್ನು ಭಜನೆಗೆ ನಾನು ಬೇರೆ ದಾರಿ ಹಿಡಿಯುವುದಿಲ್ಲ. ಸ್ಟೇಜಾದರೆ ಬೇರೆ ಮಾತು, ಅಲ್ಲಿ ಮೈಕ್ ದೂರ ಇಟ್ಟರೆ ಸ್ಪೀಕರ್ ಕೂಗುತ್ತದೆ.

ಒಂದು ಆಸೆ ಮಾತ್ರ ಉಳಿದಿತ್ತು. ನಿಂತ ಜಾಗ ಅದಲುಬದಲು ಮಾಡಿಸಿ, ಹಿಂದಿನವರಿಂದ ಇನ್ನೊಮ್ಮೆ ಹೇಳಿಸಿ, ಮೊದಲಿನದರ ಮೇಲೆ ಕೂರಿಸಿದೆ. ದೊಡ್ಡ ತಂಡದ ಹಾಗೆ ತುಂಬಿಕೊಂಡು ಕೇಳಿತು. ಹಿರಿಯರು ಕಣ್ಣು ಮುಚ್ಚಿ ಕೇಳಿದರು. "ಚಂದ ಉಂಟು. ಆದ್ರೆ ನಾವು ಏಳೇ ಜನ ಅಲ್ವಾ? ಉಳಿದವರು ಯಾರು ಮಾರಾಯ?"

ಅಳಿಸಿದೆ.