ಡೈಪರ್‌ನಿಂದ ತೆಗೆದ ಸ್ಯಾಂಪಲ್ ಬೇಡ ಅಂದ ಲ್ಯಾಬ್

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದ್ದೀನಿ. ಹಾಸನದಲ್ಲಿ ನಮ್ಮ ಬಡಾವಣೆಯ ಈ ಸಣ್ಣ ಲ್ಯಾಬ್‌ಗೆ ಜನವರಿಯಲ್ಲಿ ನನ್ನ 14 ತಿಂಗಳ ಮಗಳ ಮಲ ಪರೀಕ್ಷೆಗೆ ಹೋಗಿದ್ದೆ. ಮೊದಲ ದಿನ ಬರೀ ವಾಂತಿ. ಮಾರನೇ ದಿನ ನೀರಿನಂಥ ಭೇದಿ, ಒಂದೇ ಹಗಲಲ್ಲಿ 11 ಸಲ. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಸರಿಯಾಗಿ ಮುಟ್ಟಿ ನೋಡದೆ ಆಂಟಿಬಯಾಟಿಕ್ ಸಿರಪ್ ಬರೆದುಕೊಟ್ಟರು. ಮನಸ್ಸು ಒಪ್ಪಲಿಲ್ಲ, ಬೇರೆ ಮಕ್ಕಳ ಡಾಕ್ಟರ್ ಹತ್ರ ಹೋದೆವು. ಅವರು ನಾಲಿಗೆ, ಕಣ್ಣು ನೋಡಿ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು, "ರೋಟಾ ವೈರಸ್ ಇದ್ದ ಹಾಗಿದೆ, ಟೆಸ್ಟ್ ಮಾಡಿಸಿಬಿಡಿ" ಅಂದರು.

ನಾನು ಡೈಪರನ್ನೇ ಕವರ್‌ನಲ್ಲಿ ಸುತ್ತಿ ತಂದಿದ್ದೆ. ಕೌಂಟರ್‌ನಲ್ಲಿದ್ದ ಹುಡುಗಿ ಮುಖ ಸಿಂಡರಿಸಲಿಲ್ಲ. "ಅಕ್ಕಾ, ನೀರೆಲ್ಲ ಡೈಪರ್ ಕುಡಿದುಬಿಟ್ಟಿದೆ, ಇದರಲ್ಲಿ ನಮಗೇನೂ ಸಿಗಲ್ಲ. ಮಗೂಗೆ ಡೈಪರ್ ಒಳಮಗ್ಗಲು ಹೊರಗೆ ಮಾಡಿ ಹಾಕಿ. ಪ್ಲಾಸ್ಟಿಕ್ ಮೇಲೆ ನಿಂತಿದ್ದನ್ನ ಈ ಚಮಚದಲ್ಲಿ ತೆಗೆದು ತನ್ನಿ" ಅಂತ ಚಮಚವಿರುವ ಡಬ್ಬಿ ಕೊಟ್ಟಳು. ಸಿಕ್ಕಿದ್ದರಲ್ಲೇ ಟೆಸ್ಟ್ ಮಾಡಿ ದುಡ್ಡು ತಗೊಂಡು ಕಳಿಸಬಹುದಿತ್ತು, ಕಳಿಸಲಿಲ್ಲ.

ಹಾಗೇ ತಂದುಕೊಟ್ಟ ಮೇಲೆ ಟೆಸ್ಟ್ ಮಾಡೋ ಕಾರ್ಡನ್ನ ನನಗೂ ತೋರಿಸಿದಳು. ಸ್ಯಾಂಪಲ್ ಕದಡಿದ ದ್ರಾವಣದ ಕೆಲವು ಹನಿ, ಕಾಲು ಗಂಟೆ, ಆಮೇಲೆ ಎರಡು ಗೆರೆ. ಒಂದು ಕಾರ್ಡ್ ಸರಿಯಾಗಿದೆ ಅನ್ನೋದಕ್ಕೆ, ಇನ್ನೊಂದು ರೋಟಾ ವೈರಸ್‌ನ ಪ್ರೋಟೀನ್ ಸಿಕ್ಕಿಬಿದ್ದಿದ್ದಕ್ಕೆ. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ತಂಡದವರು ಇದೇ ವೈರಸ್ಸನ್ನ ನೋಡೋಕೆ ಭೇದಿಯಾದ ಮಕ್ಕಳ ಕರುಳಿನ ಚೂರು ತೆಗೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಡಬೇಕಾಗಿತ್ತಂತೆ. ನನ್ನ ಮಗಳಿಗೆ ಒಂದು ಸೂಜಿಯೂ ಚುಚ್ಚಲಿಲ್ಲ.

ರಿಪೋರ್ಟ್ ನೋಡಿ ಡಾಕ್ಟರ್ ಆಂಟಿಬಯಾಟಿಕ್ ನಿಲ್ಲಿಸಿದರು, ವೈರಸ್‌ಗೆ ಅದು ನಾಟೋದೇ ಇಲ್ಲ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪ್ಯಾಕೆಟ್ ಓಆರ್‌ಎಸ್, ಗುಟುಕು ಗುಟುಕಾಗಿ. 14 ದಿನ ಜಿಂಕ್. ಎದೆಹಾಲು ಬಿಡಿಸಬಾರದು. 6, 10, 14ನೇ ವಾರ ರೋಟಾ ಲಸಿಕೆಯ ಹನಿ ಹಾಕಿಸಿದ್ದರೂ ಬಂತಲ್ಲ ಅಂತ ನಾನು ಅತ್ತುಬಿಟ್ಟೆ. ಲಸಿಕೆ ಮುಖ್ಯವಾಗಿ ತಡೆಯೋದು ಆಸ್ಪತ್ರೆ ಸೇರಿಸುವಷ್ಟು ಜೋರಾದ ಭೇದಿಯನ್ನ ಅಂದರು ಡಾಕ್ಟರ್. ಡ್ರಿಪ್ ಬೇಕಾಗಲಿಲ್ಲ, ಐದನೇ ದಿನ ರಾಗಿ ಸರಿ ತಿಂದಳು.

ಹಾಗಂತ ಪ್ರತಿ ಭೇದಿಗೂ ಈ ಟೆಸ್ಟ್‌ಗೆ ಓಡಬೇಡಿ. ಫಲಿತಾಂಶ ಏನೇ ಬರಲಿ, ಮೊದಲು ಬೇಕಾದ್ದು ಓಆರ್‌ಎಸ್. ಮಗು ಉಚ್ಚೆ ಮಾಡೋದು ಕಡಿಮೆಯಾಗಿ, ಕಣ್ಣು ಗುಳಿ ಬಿದ್ದರೆ ಲ್ಯಾಬ್ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ರಿಪೋರ್ಟ್‌ಗೆ. ಅದರಲ್ಲಿ ಇದ್ದದ್ದು ಫಲಿತಾಂಶ ಮಾತ್ರ. ಈ ಕಾರ್ಡ್ ಹುಡುಕೋದು ರೋಟಾ ಒಂದನ್ನೇ. ವಾಂತಿ-ಭೇದಿ ತರೋ ಇನ್ನೊಂದು ವೈರಸ್ ನೊರೊವೈರಸ್ ಇದ್ದರೆ ಇದರಲ್ಲಿ ಕಾಣಲ್ಲ, ಅದಕ್ಕೆ ಸಾಮಾನ್ಯವಾಗಿ ಪಿಸಿಆರ್ ಅನ್ನೋ ಬೇರೆ ಟೆಸ್ಟ್ ಮಾಡ್ತಾರೆ. ಮಗುವಿಗೆ ನೆಗೆಟಿವ್ ಬಂದರೆ ತಾಯಿ ಯಾವ ವೈರಸ್ಸೂ ಇಲ್ಲ ಅಂದುಕೊಂಡು ಮತ್ತೆ ಆ ಸಿರಪ್ ಕುಡಿಸಿಯಾಳು. ದಯವಿಟ್ಟು ಕನ್ನಡದಲ್ಲಿ ಒಂದು ಸಾಲು ಸೇರಿಸಿ.

ಹೋಗೋರು ಭೇದಿ ಶುರುವಾದ ಮೊದಲ ಮೂರ್ನಾಲ್ಕು ದಿನದಲ್ಲೇ ಹೋಗಿ, ಆಗಲೇ ಮಲದಲ್ಲಿ ವೈರಸ್ ಹೆಚ್ಚಿರೋದು. ಡಬ್ಬಿ ಮುಂಚೆಯೇ ಇಸ್ಕೊಂಡು ಬನ್ನಿ, ಅದಕ್ಕೆ ದುಡ್ಡು ತಗೊಳ್ಳಲ್ಲ.